ಮಜ್ಜಿಗೆ ಬಡಿಸಿ ಹೋದವಳು

ನನ್ನ ಮೊಮ್ಮಗಳು ಸಿನಿಮಾ ನೋಡಿ ಬಂದ ಮೇಲೆ ಫೋನಿನಲ್ಲಿ ಅದಕ್ಕೆ ನಕ್ಷತ್ರ ಕೊಡುತ್ತಾಳೆ. ಮೊನ್ನೆ ಯಾವುದೋ ಗಲ್ಲು ಶಿಕ್ಷೆಯ ಚಿತ್ರ ನೋಡಿ ಬಂದು, ಅದರ ಬಗ್ಗೆ ಊರವರೆಲ್ಲ ಬರೆದ ಅಭಿಪ್ರಾಯಗಳನ್ನು ನನಗೆ ಓದಿ ಹೇಳಿದಳು. ಒಬ್ಬನಿಗೆ ಕೊನೆಯ ಅರ್ಧ ಗಂಟೆ ಉಸಿರು ಬಿಗಿಹಿಡಿದುಕೊಂಡಂತಾಯಿತಂತೆ. ಇನ್ನೊಬ್ಬನಿಗೆ ಆ ಕೊಲೆಗಾರನಿಗೆ ಇನ್ನೂ ಕಠಿಣ ಶಿಕ್ಷೆ ಬೇಕಿತ್ತಂತೆ. ನೇಣಿಗಿಂತ ಕಠಿಣವಾದದ್ದು ಏನಿದೆಯೋ ಆ ಪುಣ್ಯಾತ್ಮನನ್ನೇ ಕೇಳಬೇಕು. ಹುಡುಗಿ ಓದುತ್ತಲೇ ಇದ್ದಳು. ನನಗೆ ಮಾತ್ರ ನನ್ನ ನಾದಿನಿ ನೆನಪಾಗಿ ಆ ದಿನ ಊಟ ಸೇರಲಿಲ್ಲ.

ನಾದಿನಿ ಎಂದರೆ ನಮ್ಮ ಯಜಮಾನರ ಅಕ್ಕ. ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ನಾದಿನಿ-ಅತ್ತಿಗೆಯರಿಗೆ ಆಗಿ ಬರುವುದಿಲ್ಲ ಎನ್ನುತ್ತಾರೆ. ನನ್ನ ಇಡೀ ಆಯುಸ್ಸಿನಲ್ಲಿ ಅವಳಷ್ಟು ಹತ್ತಿರದವರು ನನಗೆ ಯಾರೂ ಸಿಗಲಿಲ್ಲ, ಕಟ್ಟಿಕೊಂಡ ಗಂಡನನ್ನೂ ಸೇರಿಸಿ ಹೇಳುತ್ತಿದ್ದೇನೆ. ಅವರು ಈಗಿಲ್ಲ, ಇದ್ದಿದ್ದರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಐವತ್ತರ ದಶಕದ ಮಾತಿದು. ನಾನು ಕೆಂಗೇರಿ ಕಡೆಯ ಹಳ್ಳಿಯಿಂದ ಮದುವೆಯಾಗಿ ರಾಜಾಜಿನಗರಕ್ಕೆ ಬಂದೆ. ಪಟ್ಟಣದ ಸೊಸೆ ಎಂದು ನಮ್ಮೂರಿನಲ್ಲಿ ಹೊಟ್ಟೆ ಉರಿದುಕೊಂಡವರಿದ್ದರು. ಬಂದು ನೋಡಿದರೆ ಇದೆಂಥ ಪಟ್ಟಣ! ಅಳತೆ ಹಿಡಿದು ಎಳೆದ ರಸ್ತೆಗಳು, ರಸ್ತೆಯ ತುದಿಯಲ್ಲಿ ಅವರೆ ಹೊಲ, ಸಾಯಂಕಾಲ ಮಾಗಡಿ ರಸ್ತೆಯ ಕಡೆಯಿಂದ ಎತ್ತಿನ ಗಾಡಿಗಳ ಸಾಲು. ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ಅತ್ತೆ, ಮಾವ, ಮತ್ತೆ ಈ ಅಕ್ಕ. ಅಕ್ಕನನ್ನು ಮಲ್ಲತ್ತಹಳ್ಳಿಗೆ ಕೊಟ್ಟಿತ್ತು. ಕೊಟ್ಟ ಹೆಣ್ಣು ತವರಿನಲ್ಲಿ ಯಾಕಿದ್ದಾಳೆ ಎಂದು ನಾನು ಕೇಳುವ ಮೊದಲೇ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ, ವಿಷಯ ಹೇಳಿದರು.

ಅಕ್ಕನ ಗಂಡ ಜೈಲಿನಲ್ಲಿದ್ದ. ಕೆರೆಯ ತೂಬಿನ ನೀರಿನ ಸರದಿಯ ಮೇಲೆ ದಾಯಾದಿಯ ಜೊತೆ ಜಗಳವಾಗಿ, ಕೈಯಲ್ಲಿದ್ದ ಗುದ್ದಲಿಯಿಂದ ಹೊಡೆದಿದ್ದ. ದಾಯಾದಿ ಬದುವಿನ ಮೇಲೆಯೇ ಪ್ರಾಣ ಬಿಟ್ಟ. ಕೋರ್ಟಿನಲ್ಲಿ ಗಲ್ಲಿನ ಶಿಕ್ಷೆಯಾಗಿ, ಹೈಕೋರ್ಟಿನಲ್ಲೂ ಅದೇ ಗಟ್ಟಿಯಾಗಿತ್ತು. ಕೊನೆಗೆ ದಯೆ ತೋರಿಸಿ ಜೀವ ಉಳಿಸಿ ಎಂದು ಸರಕಾರಕ್ಕೆ ಅರ್ಜಿ ಹೋಗಿತ್ತು. ಅದರ ಉತ್ತರಕ್ಕೆ ಮನೆಯವರೆಲ್ಲ ಕಾಯುತ್ತಿದ್ದರು.

ಬೀದಿಯವರಿಗೆ ಅತ್ತೆ ಬೇರೆಯೇ ಕಥೆ ಹೇಳಿದ್ದರು. ಅಳಿಯ ದೂರದಲ್ಲೆಲ್ಲೋ ಅಣೆಕಟ್ಟಿನ ಕೆಲಸಕ್ಕೆ ಹೋಗಿದ್ದಾನೆ, ಅಲ್ಲಿ ಸಂಸಾರ ಇಟ್ಟುಕೊಳ್ಳುವ ಹಾಗಿಲ್ಲ. ಒಂದು ಸುಳ್ಳು ಹೇಳಿದರೆ ಅದಕ್ಕೆ ದಿನಾ ಕೂಳು ಹಾಕಿ ಸಾಕಬೇಕು. ಹಬ್ಬಕ್ಕೆ ಬರಲಿಲ್ಲವೇ ಎಂದು ಕೇಳಿದವರಿಗೆ ರಜೆ ಸಿಗಲಿಲ್ಲ ಎನ್ನಬೇಕು. ಜೈಲಿಗೆ ಹೋಗಿ ಬರುವ ದಿನ ಮಾರ್ಕೆಟ್ಟಿಗೆ ಹೊರಟೆವು ಎನ್ನಬೇಕು. ಹಾಗೆ ಹೇಳಿದ್ದಕ್ಕೆ ಬರುವಾಗ ಚೀಲದಲ್ಲಿ ಏನಾದರೂ ತರಲೇಬೇಕು. ಗಂಡನನ್ನು ನೋಡಿ ಹೊರಬಂದ ಅಕ್ಕ ಬದನೆಕಾಯಿ ಆರಿಸಿಕೊಂಡು, ಬೀದಿಗೆ ಬಂದ ಮೇಲೆ ಅದರ ಬೆಲೆ ಕೇಳಿದವರಿಗೆಲ್ಲ ಹೇಳಿ, ಮನೆಯೊಳಗೆ ಬಂದು ಗೋಡೆಗೆ ಒರಗುತ್ತಿದ್ದಳು. ಅಳುವಂತಿರಲಿಲ್ಲ. ಹೊಸ ಬಡಾವಣೆಯ ಮನೆಗಳು, ಒಂದು ಗೋಡೆ ಎರಡು ಮನೆಗೆ.

ಜೈಲಿನಲ್ಲಿ ಅವಳಿಗೆ ಗಂಡನ ಮುಖ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಆ ಕಡೆಗೊಂದು ಜಾಲರಿ, ಈ ಕಡೆಗೊಂದು ಜಾಲರಿ, ನಡುವೆ ಕಾವಲಿನವನು. ಪಕ್ಕದಲ್ಲಿ ಬೇರೆ ಕೈದಿಗಳ ಮನೆಯವರು ಕೂಗಿ ಮಾತಾಡುವ ಗದ್ದಲ. ದನಿ ಕೇಳಿಸಿತು, ಮುಖ ಕಾಣಲಿಲ್ಲ ಎಂದು ಪ್ರತಿ ಸಲವೂ ಅದೇ ಹೇಳುತ್ತಿದ್ದಳು. ಅರ್ಜಿಗೆ ಒಳ್ಳೆಯ ಉತ್ತರ ಬಂದರೆ ಎಷ್ಟು ವರ್ಷ ಒಳಗಿದ್ದರೂ ಒಂದು ದಿನ ಹೊರಗೆ ಬರುತ್ತಾರೆ, ಬಿಸಿಲಿನಲ್ಲಿ ಕೂರಿಸಿ ನೋಡುತ್ತೇನೆ ಎನ್ನುತ್ತಿದ್ದಳು. ಹೀಗೆ ಹೇಳುವಾಗ ಅವಳ ಮುಖ ನೋಡಲು ನನಗೆ ಧೈರ್ಯವಾಗುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ಬೀದಿಯಾಚೆಯ ಬಯಲಿನ ಸಿನಿಮಾ ಟೆಂಟಿಗೆ ಒಂದು ಹೊಸ ಚಿತ್ರ ಬಂತು. ಜಟಕಾ ಗಾಡಿಗೆ ಚಿತ್ರದ ಹಲಗೆ ಕಟ್ಟಿ, ತಮಟೆ ಬಾರಿಸಿಕೊಂಡು ಬೀದಿಗೆ ಬಂದರು. ಹಲಗೆಯ ಮೇಲೆ ಒಬ್ಬ ಹೆಂಗಸು ದೀಪ ಹಿಡಿದು ಗಂಟೆಯ ಕೆಳಗೆ ಕಣ್ಣು ಮುಚ್ಚಿ ನಿಂತಿದ್ದಳು. ಅಕ್ಷರ ಬೇರೆ ಭಾಷೆಯದು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಇದು ಯಾವುದೋ ಪತಿವ್ರತೆಯ ಪುರಾಣ ಎಂದು ತೀರ್ಮಾನ ಕೊಟ್ಟರು. ಸಾಮಾಜಿಕ ಚಿತ್ರವೆಂದರೆ ಮೂಗು ಮುರಿಯುವ ಅವರು, ನೋಡಿ ಬನ್ನಿ, ನಿಮ್ಮಿಬ್ಬರಿಗೂ ಪುಣ್ಯ ಬರುತ್ತದೆ ಎಂದು ತಾವೇ ನಮ್ಮನ್ನು ಕಳಿಸಿದರು. ಎದುರುಮನೆಯ ಮೇಸ್ತ್ರಿಯ ಹೆಂಡತಿ ಜೊತೆಗೆ ಬಂದಳು. ಬೀದಿಯಲ್ಲಿ ಎಲ್ಲರೂ ಅವಳನ್ನು ಮೇಸ್ತ್ರಿಯಮ್ಮ ಎನ್ನುತ್ತಿದ್ದರು. ಕಾರ್ಖಾನೆಯಲ್ಲಿ ಅವಳ ಗಂಡ ಮೇಸ್ತ್ರಿ, ಬೀದಿಯಲ್ಲಿ ಅವಳು.

ಟೆಂಟಿನಲ್ಲಿ ನೆಲದ ಮೇಲೆ ಮರಳು ಹರಡಿರುತ್ತಿತ್ತು. ಹೆಂಗಸರದ್ದು ಒಂದು ಕಡೆ, ಗಂಡಸರದ್ದು ಇನ್ನೊಂದು ಕಡೆ, ನಡುವೆ ತಟ್ಟಿ. ಯಂತ್ರ ಇದ್ದದ್ದು ಒಂದೇ. ಹಾಗಾಗಿ ಒಂದೊಂದು ರೀಲು ಮುಗಿದಾಗಲೂ ಚಿತ್ರ ನಿಲ್ಲಿಸಿ, ದೀಪ ಹಾಕಿ, ಮುಂದಿನ ರೀಲು ಸೇರಿಸಬೇಕಿತ್ತು. ಆ ಹೊತ್ತೆಲ್ಲ ನಮ್ಮ ಹೆಂಗಸರ ನ್ಯಾಯಪಂಚಾಯಿತಿ. ಯಾರು ಒಳ್ಳೆಯವನು, ಯಾರು ಕೆಟ್ಟವನು, ಮುಂದೇನಾಗಬೇಕು ಎಂಬುದನ್ನೆಲ್ಲ ಕಡಲೆಕಾಯಿ ಬಿಡಿಸುತ್ತ ಇತ್ಯರ್ಥ ಮಾಡುತ್ತಿದ್ದರು. ಭಾಷೆ ಅರ್ಧ ಅರ್ಥವಾಗದಿದ್ದರೂ ತೀರ್ಪಿಗೆ ಅಡ್ಡಿಯಿರಲಿಲ್ಲ.

ಚಿತ್ರ ಪುರಾಣವಲ್ಲ ಎಂದು ಮೊದಲ ರೀಲಿನಲ್ಲೇ ತಿಳಿಯಿತು. ಗಡಿಯಾರ ರಿಪೇರಿ ಮಾಡುವ ಒಬ್ಬ ಬಡವ. ಊರಿನ ಜಮೀನುದಾರನನ್ನು ಯಾರೋ ಕೊಲ್ಲುತ್ತಾರೆ, ಆರೋಪ ಇವನ ತಲೆಗೆ ಬರುತ್ತದೆ. ನ್ಯಾಯಾಧೀಶ ಗಲ್ಲು ಎಂದ ಕೂಡಲೇ ಅಕ್ಕನ ಕೈ ನನ್ನ ಮೊಣಕೈ ಹಿಡಿಯಿತು. ಎದ್ದು ಹೋಗೋಣ ಎಂದು ಕಿವಿಯಲ್ಲಿ ಹೇಳಿದೆ. ಅವಳು ಏಳಲಿಲ್ಲ. ಎದ್ದರೆ ಮೇಸ್ತ್ರಿಯಮ್ಮ ಯಾಕೆ ಎಂದು ಕೇಳುತ್ತಿದ್ದಳು.

ಕಥೆಯಲ್ಲಿ ನಿಜವಾದ ಕೊಲೆಗಾರ ಜಮೀನುದಾರನ ಭಾವಮೈದ. ಅದು ನಮಗೆಲ್ಲ ಗೊತ್ತು, ಪೊಲೀಸರಿಗೆ ಮಾತ್ರ ಗೊತ್ತಿಲ್ಲ. ಗಡಿಯಾರದವನ ಹೆಂಡತಿ ಸಾಕ್ಷಿ ಹುಡುಕಿಕೊಂಡು ಊರೂರು ಅಲೆಯುತ್ತಾಳೆ. ಇತ್ತ ಜೈಲಿನಲ್ಲಿ ಹಗ್ಗಕ್ಕೆ ಎಣ್ಣೆ ಸವರುತ್ತಾರೆ. ಅವನ ಕುತ್ತಿಗೆಗೆ ಕುಣಿಕೆ ಬಿತ್ತು ಎನ್ನುವಾಗ ರೀಲು ಮುಗಿದು ದೀಪ ಬಂತು. ಇಡೀ ಟೆಂಟು ಹೋ ಎಂದಿತು. ಗಂಡಸರ ಕಡೆಯಿಂದ ಯಂತ್ರದವನಿಗೆ ಬೈಗುಳ. ಅಕ್ಕನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಸೆಕೆ ಎಂದಳು.

ಕೊನೆಗೆ ಹೆಂಡತಿ ಸಾಕ್ಷಿಯೊಡನೆ ಓಡಿ ಬಂದಳು, ಗಂಡ ಉಳಿದ. ಭಾವಮೈದ ಸಿಕ್ಕಿಬಿದ್ದ. ನ್ಯಾಯಾಧೀಶ ಅವನಿಗೆ ಗಲ್ಲು ಎಂದಾಗ ಟೆಂಟಿನಲ್ಲಿ ಶಿಳ್ಳೆಯೋ ಶಿಳ್ಳೆ, ಚಪ್ಪಾಳೆಯೋ ಚಪ್ಪಾಳೆ. ಮೇಸ್ತ್ರಿಯಮ್ಮ ಎದ್ದು ನಿಂತು ತಟ್ಟಿದಳು. ಅದೇ ಹೊತ್ತಿಗೆ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಮೇಸ್ತ್ರಿಯಮ್ಮ ಅವಳ ಬೆನ್ನು ಸವರಿ, ಎಲ್ಲ ಸುಖವಾಗಿ ಮುಗೀತಲ್ಲ, ಗಂಡ ಬದುಕಿಕೊಂಡನಲ್ಲ, ಈಗ ಯಾಕಳುತ್ತೀಯ ಎಂದು ನಕ್ಕಳು. ಅಕ್ಕ ಎಷ್ಟು ಮೆದು ಮನಸ್ಸಿನವಳು ಎಂದು ದಾರಿಯುದ್ದಕ್ಕೂ ಎಲ್ಲರಿಗೂ ಹೇಳಿದಳು.

ಆಮೇಲೆ ಆ ಚಿತ್ರ ಟೆಂಟಿನಲ್ಲಿ ಇರುವವರೆಗೂ ಬೀದಿಯಲ್ಲಿ ಬೇರೆ ಮಾತಿಲ್ಲ. ನಲ್ಲಿಯ ಹತ್ತಿರ ಕೊಡ ಸಾಲಾಗಿಟ್ಟು ನಿಂತರೆ ಅದೇ. ಗಡಿಯಾರದವನಿಗಾಗಿ ಎಲ್ಲರಿಗೂ ಕರುಳು ಚುರುಕ್ ಎಂದಿತ್ತು. ಆದರೆ ಯಾಕೆ? ಅವನು ಕೊಂದಿರಲಿಲ್ಲ, ಅದಕ್ಕೆ. ಕೊಂದಿದ್ದರೆ? ಕೊಂದಿದ್ದರೆ ಹಾಕಲಿ ನೇಣಿಗೆ ಎನ್ನುವುದರಲ್ಲಿ ಎರಡು ಮಾತಿರಲಿಲ್ಲ. ಮೂಲೆಮನೆಯ ಅಜ್ಜಿ ಒಬ್ಬರು ಮಾತ್ರ ಎಲ್ಲ ಹಣೆಬರಹ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ನಮ್ಮ ಯಜಮಾನರು ಕಾರ್ಖಾನೆಯಿಂದಲೂ ಇಂಥದೇ ಅಭಿಪ್ರಾಯಗಳನ್ನು ಕೇಳಿಕೊಂಡು ಬಂದು, ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅಕ್ಕ ನಲ್ಲಿಯ ಬಳಿ ನಿಂತು ಒಬ್ಬೊಬ್ಬರ ಬಾಯನ್ನೂ ನೋಡುತ್ತಿದ್ದಳು. ಕೊಂದವನನ್ನೂ ಬದುಕಲು ಬಿಡಬಹುದು ಎಂದು ಒಬ್ಬರಾದರೂ ಅನ್ನುತ್ತಾರೇನೋ ಎಂದು ಕಾದಿದ್ದಳು. ಅರ್ಜಿಯ ಮೇಲೆ ಬರೆಯುವ ದೊಡ್ಡವರೂ ಇಂಥ ಜನರೇ ತಾನೇ ಎಂದು ಅವಳ ಲೆಕ್ಕ.

ಅಷ್ಟೇ ಆಗಿದ್ದರೆ ಸರಿ. ಇನ್ನೊಮ್ಮೆ ಆ ಚಿತ್ರಕ್ಕೆ ಹೋಗೋಣ ಎಂದಳು. ನಾವು ಕಥೆ ಹೇಳಿರಲಿಲ್ಲ, ನಲ್ಲಿಯ ಕಡೆಗೂ ಹೋಗದ ಅತ್ತೆಗೆ ಅದು ಪುರಾಣವೆಂದೇ ನಂಬಿಕೆ, ಭಕ್ತಿ ಹೆಚ್ಚಾಗಿದೆ ಎಂದುಕೊಂಡು ಕಳಿಸಿದರು. ಮತ್ತೊಮ್ಮೆ ಹೋದೆವು. ಮತ್ತೂ ಒಮ್ಮೆ. ಸಾಯಂಕಾಲ ಟೆಂಟಿನ ಧ್ವನಿವರ್ಧಕದಲ್ಲಿ ದೇವರ ಹಾಡಿನ ತಟ್ಟೆ ಹಾಕಿದರೆ ಸಾಕು, ಅಕ್ಕ ಒಲೆಯ ಕೆಂಡ ಮುಚ್ಚಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನನಗೆ ಸಿಟ್ಟು ಬಂತು. ಹುಣ್ಣನ್ನು ಯಾರಾದರೂ ದಿನಾ ಕೆರೆದುಕೊಳ್ಳುತ್ತಾರೆಯೇ? ಅವರೆ ಹೊಲದ ಬದುವಿನಲ್ಲಿ ಅವಳನ್ನು ನಿಲ್ಲಿಸಿ ಕೇಳಿಯೇ ಬಿಟ್ಟೆ.

“ನಡುವೆ ಒಂದ್ಸಲ ಆ ಕೊಲೆಗಾರ ಮನೇಲಿ ಊಟಕ್ಕೆ ಕೂತಿರ್ತಾನಲ್ಲ, ಅವನ ಹೆಂಡ್ತಿ ಬಂದು ಮಜ್ಜಿಗೆ ಬಡಿಸ್ತಾಳೆ, ನೋಡಿದೀಯಾ?” ಎಂದಳು.

ನಾನು ನೋಡಿರಲಿಲ್ಲ. ನೋಡಿದ್ದರೂ ನೆನಪಿರಲಿಲ್ಲ.

“ಬಡಿಸಿ ಒಳಗೆ ಹೋಗ್ತಾಳೆ. ಆಮೇಲೆ ಇಡೀ ಸಿನಿಮಾದಲ್ಲಿ ಅವಳು ಇಲ್ಲ ಕಣೇ. ಅವನಿಗೆ ಗಲ್ಲು ಅಂದಾಗ್ಲಾದ್ರೂ ತೋರಿಸ್ತಾರೇನೋ ಅಂತ ನೋಡ್ತೀನಿ. ತೋರ್ಸಲ್ಲ.” ಬದುವಿನ ಹುಲ್ಲು ಕಿತ್ತು ಬೆರಳಿಗೆ ಸುತ್ತಿಕೊಳ್ಳುತ್ತ ಮುಂದುವರಿಸಿದಳು. “ನಮ್ಮನೆಯವರಿಗೆ ಅವತ್ತು ಬೆಳಿಗ್ಗೆ ಗುದ್ದಲಿ ಬಿಟ್ಟು ಹೋಗಿ ಅಂದೆ. ಕೇಳ್ಲಿಲ್ಲ. ಸಿಟ್ಟಿಗೆ ಮುಖ ನೋಡ್ದೆ ಮುದ್ದೆ ಬಡಿಸ್ದೆ. ಅವಳೂ ಹಂಗೇ, ನೋಡಲ್ಲ. ತಟ್ಟೆ ನೋಡ್ಕೊಂಡು ಬಡಿಸಿ ಹೋಗ್ತಾಳೆ. ಒಂದ್ಸಲ ತಲೆ ಎತ್ತಿ ನೋಡೇ ಅಂತ ಕೂಗ್ಬೇಕು ಅನ್ಸುತ್ತೆ ನಂಗೆ.”

ಆ ಸಾಯಂಕಾಲ ನಾನೂ ನೋಡಿದೆ. ರೆಪ್ಪೆ ಬಡಿಯುವಷ್ಟರಲ್ಲಿ ಬಂದು ಹೋಗುವ ಹೆಂಗಸು. ಬಗ್ಗುತ್ತಾಳೆ, ಬಡಿಸುತ್ತಾಳೆ, ಹೋಗುತ್ತಾಳೆ. ಅಕ್ಕ ಕತ್ತಲಲ್ಲಿ ಕತ್ತು ಮುಂದೆ ಚಾಚಿ ಕೂತಿದ್ದಳು. ಗಂಡನ ಮುಖಕ್ಕಾಗಿ ಅವಳು ಎಷ್ಟು ಹಂಬಲಿಸುತ್ತಿದ್ದಾಳೆ ಎಂಬುದು ನನಗೆ ಅರ್ಥವಾದದ್ದು ಆಗ. ಅಂಥದ್ದೊಂದು ಹಂಬಲ ನನಗೆ ಯಾರ ಮೇಲೂ ಇರಲಿಲ್ಲ, ಆಗ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಈಗ ಅವಳಿಗಾಗಿಯೇ ನನಗೆ ಅಷ್ಟು ಹಂಬಲವಾಗುತ್ತದೆ.

ಮರುದಿನ ನಲ್ಲಿಯ ಬಳಿ ಮೇಸ್ತ್ರಿಯಮ್ಮ ಚಿತ್ರದಲ್ಲಿ ಒಂದು ಕೊರತೆ ಕಂಡುಹಿಡಿದಿದ್ದಳು. ಕೊಲೆಗಾರನಿಗೆ ಗಲ್ಲು ಅಂದರಷ್ಟೇ, ಗಲ್ಲಿಗೆ ಹಾಕಿದ್ದನ್ನು ತೋರಿಸಲಿಲ್ಲ. ತೋರಿಸಿದ್ದರೆ ಕೊಟ್ಟ ಕಾಸಿಗೆ ಮೋಸವಾಗುತ್ತಿರಲಿಲ್ಲ ಎಂದಳು. ಎಲ್ಲರೂ ನಕ್ಕರು. ನನ್ನ ನಾಲಿಗೆ ಮೊದಲೇ ಉದ್ದ. ಹೊಸ ಸೊಸೆ ಎಂಬುದನ್ನೂ ಮರೆತು, ಅವನ ಹೆಂಡತಿ ಏನಾದಳು ಎಂದು ಕೇಳಿದೆ. ಯಾವ ಹೆಂಡತಿ ಎಂದರು. ಮಜ್ಜಿಗೆ ಬಡಿಸುತ್ತಾಳಲ್ಲ ಎಂದೆ. ಅಂಥವಳೊಬ್ಬಳು ಇದ್ದಾಳೆಂದೇ ಯಾರೂ ಒಪ್ಪಲಿಲ್ಲ. ನಾನು ಬಿಡಲಿಲ್ಲ. ಅವನು ಸತ್ತರೆ ಅವಳ ಗತಿಯೇನು, ಅವಳೇನು ತಪ್ಪು ಮಾಡಿದ್ದಳು ಎಂದು ದನಿ ಏರಿಸಿದೆ.

“ಅವಳೇನು ಕಮ್ಮಿನಾ?” ಎಂದಳು ಮೇಸ್ತ್ರಿಯಮ್ಮ. “ಕಟ್ಕೊಂಡ ಗಂಡನಿಗೆ ಒಂದು ಮಾತು ಬುದ್ಧಿ ಹೇಳೋಕಾಗ್ಲಿಲ್ವಾ?”

“ಹೇಳಿದ್ದೆ,” ಎಂದಳು ಅಕ್ಕ.

ಅವಳು ದನಿ ಎತ್ತಿ ಹೇಳಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು. ನಲ್ಲಿಯ ಕೆಳಗಿದ್ದ ಕೊಡ ತುಂಬಿ ನೀರು ಚೆಲ್ಲುತ್ತಿತ್ತು, ಯಾರೂ ತೆಗೆಯಲಿಲ್ಲ. ಏನು ಹೇಳಿದ್ದೆ, ಯಾರಿಗೆ ಎಂದು ಮೇಸ್ತ್ರಿಯಮ್ಮ ಕೇಳಿದಳು.

“ನಮ್ಮನೆಯವರಿಗೆ. ಗುದ್ದಲಿ ಬಿಟ್ಟು ಹೋಗಿ ಅಂತ. ಅವರು ಅಣೆಕಟ್ಟಿನ ಕೆಲಸಕ್ಕೆ ಹೋಗಿಲ್ಲ. ಜೈಲಲ್ಲಿದಾರೆ. ಗಲ್ಲಾಗಿದೆ.”

ಅಷ್ಟು ಹೇಳಿ, ತನ್ನ ಕೊಡ ಅಲ್ಲಿಯೇ ಬಿಟ್ಟು ಮನೆಗೆ ನಡೆದಳು. ನಾನು ಎರಡೂ ಕೊಡ ಹೊತ್ತು ಹಿಂದೆ ಹೋದೆ.

ಅತ್ತೆ ಅವತ್ತು ಅಕ್ಕನಿಗೆ ಬೈದ ಬೈಗುಳವನ್ನು ಬರೆಯುವುದಿಲ್ಲ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗುತ್ತಾ ಎಂದು ತಲೆ ಚಚ್ಚಿಕೊಂಡರು. ಪಾಪ, ಮಾನಕ್ಕೆ ಅಂಜಿದ ಜೀವ. ಆಮೇಲೆ ಬೀದಿಯವರು ನಮ್ಮ ಹೊಸಿಲು ತುಳಿಯಲಿಲ್ಲ. ನಲ್ಲಿಯ ಬಳಿ ನಾವು ಹೋದರೆ ಮಾತು ನಿಲ್ಲುತ್ತಿತ್ತು, ನಮಗೆ ಮೊದಲು ಹಿಡಿದುಕೊಳ್ಳಲು ಜಾಗ ಬಿಡುತ್ತಿದ್ದರು. ಅದು ಮರ್ಯಾದೆಯೋ ಹೆದರಿಕೆಯೋ ತಿಳಿಯದೆ ನಮಗೆ ಕಸಿವಿಸಿ.

ಮೊದಲು ಬಂದವಳು ಮೇಸ್ತ್ರಿಯಮ್ಮ. ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತಳು, ಒಳಗೆ ಬರಲಿಲ್ಲ. ಅಕ್ಕ ರಾಗಿ ಕೇರುತ್ತಿದ್ದಳು. ಮೇಸ್ತ್ರಿಯಮ್ಮ ಅವಳ ಕಡೆ ತಿರುಗಿ ಹೇಳಿದಳು.

“ನಿನ್ನೆ ಇನ್ನೊಂದ್ಸಲ ಹೋಗಿದ್ದೆ ಕಣವ್ವ ಟೆಂಟಿಗೆ. ನೋಡ್ದೆ. ಇದಾಳೆ ಅವಳು.”

ಅಕ್ಕ ಮೊರ ಕೆಳಗಿಟ್ಟಳು.

“ಆದ್ರೂ ಕೊಂದೋನು ಕೊಂದೋನೇ. ಸತ್ತೋನಿಗೂ ಹೆಂಡ್ತಿ ಇರ್ತಾಳೆ. ನಾನು ಸುಳ್ಳು ಹೇಳಕ್ಕಾಗಲ್ಲ.”

“ಇದಾಳೆ. ನಮ್ಮ ಓರಗಿತ್ತಿ,” ಎಂದಳು ಅಕ್ಕ. “ನೀವು ಸುಳ್ಳು ಹೇಳ್ಬೇಡಿ.”

ಮೇಸ್ತ್ರಿಯಮ್ಮ ಒಳಗೆ ಬಂದು, ಕೂತು, ಇನ್ನೊಂದು ಮೊರ ಎಳೆದುಕೊಂಡು ರಾಗಿ ಕೇರಿದಳು. ಅವಳ ಅಭಿಪ್ರಾಯ ಬದಲಾಗಿರಲಿಲ್ಲ, ಕೊನೆಯವರೆಗೂ ಬದಲಾಗಲಿಲ್ಲ. ಆದರೆ ಅಂದಿನಿಂದ ದಿನಾ ಬಂದಳು. ಟೆಂಟಿನಲ್ಲಿ ಚಿತ್ರ ಬದಲಾಯಿತು, ಅದಕ್ಕೆ ಅವಳೂ ಹೋಗಲಿಲ್ಲ, ನಾವೂ ಹೋಗಲಿಲ್ಲ. ಮಧ್ಯಾಹ್ನಗಳಲ್ಲಿ ಅಕ್ಕ ಈಗ ಬಾಯಿಬಿಟ್ಟು ಗಂಡನ ವಿಷಯ ಹೇಳುತ್ತಿದ್ದಳು. ಮಲ್ಲತ್ತಹಳ್ಳಿಯ ಕೆರೆ ಏರಿಯ ಮೇಲೆ ಅವನು ಎತ್ತುಗಳಿಗೆ ಮೈ ತೊಳೆಯುತ್ತಿದ್ದದ್ದು, ಶ್ರೀಗಂಧದ ಕಾವಲಿನಿಂದ ಅವಳಿಗೆಂದು ಕಾರೆಹಣ್ಣು ಪಂಚೆಯಲ್ಲಿ ಕಟ್ಟಿ ತರುತ್ತಿದ್ದದ್ದು, ಮಾತಿಗೆ ಮೊದಲು ಅವನಿಗೆ ಬರುತ್ತಿದ್ದ ಸಿಟ್ಟು. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಆ ಮಧ್ಯಾಹ್ನಗಳು ನನಗೆ ಎಷ್ಟು ಪ್ರಿಯವಾಗಿದ್ದವೆಂದರೆ, ಅರ್ಜಿಗೆ ಉತ್ತರ ಬರುವುದೇ ಬೇಡ, ಹೀಗೇ ಕಾಯುತ್ತ ಇದ್ದುಬಿಡೋಣ ಎನಿಸುತ್ತಿತ್ತು.

ಉತ್ತರ ಬಂತು. ಅರ್ಜಿ ತಿರಸ್ಕಾರವಾಗಿತ್ತು.

ಕೊನೆಯ ಸಲ ನೋಡಲು ಅಕ್ಕ ಮತ್ತು ಮಾವ ಹೋದರು. ಹೊರಡುವಾಗ ಬೀದಿಯ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಹಿಂದಿರುಗುವಾಗ ಅವಳ ಕೈಯಲ್ಲಿ ಚೀಲವಿರಲಿಲ್ಲ. ಬಂದವಳೇ ಮೊರ ಎಳೆದುಕೊಂಡು ರಾಗಿ ಕೇರಲು ಕೂತಳು.

ಎರಡು ದಿನ ಕಳೆದು ಬೆಳಿಗ್ಗೆ ಗಲ್ಲು ಆಗಿಹೋಯಿತು. ಜೈಲಿನವರು ಹೆಣ ಕೊಟ್ಟರು. ಮಾವ ಮತ್ತು ನಮ್ಮ ಯಜಮಾನರು ಗಾಡಿಯಲ್ಲಿ ನೇರವಾಗಿ ಮಲ್ಲತ್ತಹಳ್ಳಿಗೆ ಒಯ್ದು ಅವನ ಹೊಲದ ಅಂಚಿನಲ್ಲೇ ಮಣ್ಣು ಮಾಡಿದರು. ಅಕ್ಕ ಬಂದರೆ ಅಲ್ಲಿ ಗಲಾಟೆಯಾದೀತು ಎಂದು ಊರವರು ಹೇಳಿ ಕಳಿಸಿದ್ದರಿಂದ ಅವಳನ್ನು ಕರೆದುಕೊಂಡು ಹೋಗಲಿಲ್ಲ. ಮಧ್ಯಾಹ್ನ ಮಣ್ಣಾಯಿತೆಂದು ಸುದ್ದಿ ಬಂದ ಮೇಲೆ ಅವಳ ತಲೆಗೆ ನೀರು ಹಾಕಬೇಕಿತ್ತು. ಕುಂಕುಮ ತೆಗೆಯುವ ಸ್ನಾನ. ಅತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ. ನಲ್ಲಿಯಲ್ಲಿ ಆ ಹೊತ್ತಿಗೆ ನೀರಿಲ್ಲ, ಮನೆಯಲ್ಲಿದ್ದದ್ದು ಅರ್ಧ ಕೊಡ. ನಾನೊಬ್ಬಳೇ ಹಿತ್ತಲಲ್ಲಿ ಅವಳನ್ನು ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಮುಂದೇನು ಮಾಡಬೇಕೆಂದು ತಿಳಿಯದೆ ನಿಂತಿದ್ದೆ.

ಹಿತ್ತಲ ಬಾಗಿಲಿನಿಂದ ಮೇಸ್ತ್ರಿಯಮ್ಮ ತುಂಬಿದ ಕೊಡ ಹೊತ್ತು ಬಂದಳು. ಹಿಂದೆ ಮೂಲೆಮನೆಯ ಅಜ್ಜಿ. ಅವರ ಹಿಂದೆ ನಲ್ಲಿಯ ಬಳಿ ನಕ್ಕಿದ್ದವರೆಲ್ಲ, ತಮ್ಮ ಮನೆಗೆಂದು ಹಿಡಿದಿಟ್ಟಿದ್ದ ನೀರು ಹೊತ್ತುಕೊಂಡು. ಅವರಲ್ಲಿ ಬಹಳ ಜನ ಮುತ್ತೈದೆಯರು. ಇಂಥ ಹೊತ್ತಿನಲ್ಲಿ ಮುತ್ತೈದೆಯರು ಆ ಕಡೆ ತಲೆ ಹಾಕಿಯೂ ನೋಡಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಅಜ್ಜಿ ಮೇಸ್ತ್ರಿಯಮ್ಮನ ಕೈ ತಡೆದು, ನೀನು ದೂರ ನಿಲ್ಲು, ನಾನು ಹಾಕುತ್ತೇನೆ ಎಂದರು. ಮೇಸ್ತ್ರಿಯಮ್ಮ ಕೇಳಲಿಲ್ಲ. ತಾನೇ ಅಕ್ಕನ ತಲೆಗೆ ನೀರು ಸುರಿದು, ತನ್ನ ಸೆರಗಿನಿಂದ ಅವಳ ಹಣೆ ಒರೆಸಿದಳು. ಒರೆಸುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು.

ಅಕ್ಕ ಅಳಲಿಲ್ಲ. ಒದ್ದೆ ಮುಖ ಎತ್ತಿ ನಮ್ಮಿಬ್ಬರನ್ನೂ ನೋಡಿದಳು.

“ಮೊನ್ನೆ ಜಾಲರಿ ಇರ್ಲಿಲ್ಲ,” ಎಂದಳು. “ಎದುರಿಗೇ ಕೂರ್ಸಿದ್ರು. ಕಣ್ತುಂಬ ನೋಡ್ದೆ.”